ಕೆರೆಕೋಡಿಯವರು ಗೆದ್ದ ಭಾನುವಾರ

ನಮ್ಮೂರಿನ ಮೈದಾನದೊಳಗೆ ನಡೆದದ್ದು ಅದರ ಗೇಟು ದಾಟಿದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಭಾನುವಾರ ಸಂಜೆ ಕಬಡ್ಡಿ ನೋಡಲು ಊರಿಗೆ ಊರೇ ಒಳಗೆ ಹೋಗುತ್ತದೆ. ಹೊರಗೆ ಬರುವಾಗ ಗಂಟಲು ಕಟ್ಟಿರುತ್ತದೆ, ಚಪ್ಪಾಳೆ ತಟ್ಟಿ ಅಂಗೈ ಕೆಂಪಾಗಿರುತ್ತದೆ, ಕೆಲವರ ಕಣ್ಣಲ್ಲಿ ನೀರೂ ಇರುತ್ತದೆ, ಯಾಕೆಂದು ಮಾತ್ರ ಗೊತ್ತಿರುವುದಿಲ್ಲ. ಆಟಗಾರರದೂ ಅದೇ ಪಾಡು. ಮಂಡಿ ತರಚಿಕೊಂಡು ಬಂದ ಗಂಡನಿಗೆ ಅರಿಶಿನ ಹಚ್ಚುವ ಹೆಂಡತಿ ಗೆದ್ದಿರೋ ಸೋತಿರೋ ಎಂದು ಕೇಳುವುದಿಲ್ಲ. ಬೆಳಿಗ್ಗೆ ಪೇಪರ್ ಬರಲಿ ಎಂದು ಇಬ್ಬರೂ ಮಲಗುತ್ತಾರೆ.

ಒಳಗೆ ತೆಗೆದ ಫೋಟೊ ಹೊರಗೆ ಬಂದರೆ ಬರಿ ಬೆಳ್ಳಗಿರುತ್ತದೆ. ಗೇಟು ದಾಟುವುದು ಕೈಬರಹ ಒಂದೇ. ಹಿಂದೆಲ್ಲ ಜನ ಅಂಗೈ ಮೇಲೆ ಬರೆದುಕೊಂಡು ಬರುತ್ತಿದ್ದರಂತೆ. ಒಬ್ಬನ ಕೈಯಲ್ಲಿ ಕೋಟೆಬೀದಿ ಗೆದ್ದಿತು ಎಂದಿದ್ದರೆ ಇನ್ನೊಬ್ಬನ ಕೈಯಲ್ಲಿ ಕೆರೆಕೋಡಿ ಗೆದ್ದಿತು ಎಂದಿರುತ್ತಿತ್ತು. ಅದೇ ಕೈಗಳಿಂದ ಹೊಡೆದಾಡಿಕೊಂಡು, ಸಾಕಾಗಿ, ಕೊನೆಗೆ ವರದಿಗಾರರ ಹೊರತು ಯಾರೂ ಒಳಗೆ ಪೆನ್ನು ಒಯ್ಯಬಾರದು ಎಂದು ಊರವರೇ ತೀರ್ಮಾನ ಮಾಡಿಕೊಂಡರು. ಪತ್ರಕರ್ತರ ಮೇಲೆ ಇಷ್ಟು ನಂಬಿಕೆಯಿಟ್ಟ ಊರು ಬೇರೆಲ್ಲಾದರೂ ಇದೆಯೋ ನನಗೆ ಗೊತ್ತಿಲ್ಲ.

ನಂಬಿಕೆ ಅಂದರೆ ಸಿದ್ದವೀರಯ್ಯನವರ ಮೇಲಿನ ನಂಬಿಕೆ. ನಾನು ಕೆಲಸ ಮಾಡುವ 'ಡಂಗುರ' ಪತ್ರಿಕೆಗೆ ನನ್ನ ಅಪ್ಪನ ಕಾಲದಿಂದಲೂ ಕಬಡ್ಡಿಯ ವರದಿ ಬರೆಯುತ್ತಿದ್ದವರು ಅವರು. ಊರಲ್ಲಿ ಇನ್ನೆರಡು ಪತ್ರಿಕೆಗಳಿವೆ, 'ಮುಂಗೋಳಿ' ಮತ್ತು 'ತಕ್ಕಡಿ'. ಅವುಗಳ ವರದಿಗಾರರೂ ಒಳಗೆ ವೀರಯ್ಯನವರ ಪಕ್ಕದಲ್ಲೇ ಕೂರುತ್ತಾರೆ. ಮೂರೂ ಪೇಪರಿನಲ್ಲಿ ಬರುವ ವರದಿ ಹೆಚ್ಚುಕಡಿಮೆ ಒಂದೇ. ಮುಂಗೋಳಿಯಲ್ಲಿ ವಿಶೇಷಣ ಜಾಸ್ತಿ, ತಕ್ಕಡಿಯಲ್ಲಿ ಕಡಿಮೆ, ಅಷ್ಟೇ ವ್ಯತ್ಯಾಸ. ಅದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಆ ವರದಿಗಾರರಿಗೆ ನೆನಪಿರುತ್ತಿರಲಿಲ್ಲ ಬಿಡಿ.

ನಾನು ಪ್ರಮೀಳಾ, ಡಂಗುರದಲ್ಲಿ ಉಪಸಂಪಾದಕಿ. ಎಲ್ಲರ ಬರಹಕ್ಕೂ ಕತ್ತರಿ ಹಾಕುವುದು ನನ್ನ ಕೆಲಸ, ಅದಕ್ಕೇ ಆಫೀಸಿನಲ್ಲಿ ನನ್ನ ಜೊತೆ ಊಟಕ್ಕೆ ಕೂರುವವರು ಕಡಿಮೆ. ವೀರಯ್ಯನವರ ಬರಹಕ್ಕೆ ಮಾತ್ರ ಕತ್ತರಿಗೆ ಕೆಲಸವಿರುತ್ತಿರಲಿಲ್ಲ. ಯಾರು ಗೆದ್ದರೂ ಉಬ್ಬಿಸುತ್ತಿರಲಿಲ್ಲ, ಯಾರು ಸೋತರೂ ಹೀಯಾಳಿಸುತ್ತಿರಲಿಲ್ಲ. ಅದನ್ನು ಓದುವಾಗ ಜನ ತಮ್ಮ ನೋಯುವ ಗಂಟಲು ಮುಟ್ಟಿಕೊಂಡು, ಓಹೋ, ಈ ರೈಡಿಗೆ ಕೂಗಿದ್ದು ಎಂದುಕೊಳ್ಳುತ್ತಿದ್ದರು.

ಹೋದ ತಿಂಗಳ ಒಂದು ಭಾನುವಾರ ಮೈದಾನದೊಳಗೆ ಹೆಜ್ಜೇನು ಎದ್ದಿತು. ನಮಗೆ ಅದು ಗೊತ್ತಾದದ್ದು ಹೊರಗೆ ಬಂದವರ ಮುಖ ನೋಡಿ. ಹುಬ್ಬು, ತುಟಿ, ಕಿವಿ ಎಲ್ಲ ಊದಿಕೊಂಡು ಗುರುತೇ ಸಿಗದ ಹಾಗಾಗಿತ್ತು. ಔಷಧಿ ಅಂಗಡಿಯವನು ಬಾಗಿಲು ಮುಚ್ಚಲಾಗದೆ ಒದ್ದಾಡಿದ. ಜನವೆಲ್ಲ ಓಡಿಬಂದ ಎಷ್ಟೋ ಹೊತ್ತಿನ ಮೇಲೆ ಮೂರೂ ಪತ್ರಿಕೆಯ ವರದಿಗಾರರು, ಜೊತೆಗೆ ಪಂದ್ಯ ನೋಡಲು ಹೋಗಿದ್ದ ನಮ್ಮ ಸಂಪಾದಕ ಚಂದ್ರಮೌಳಿಯವರು ಹೊರಬಂದರು. ಸಂಪಾದಕರ ಮೂಗು ಬದನೆಕಾಯಿಯಷ್ಟಾಗಿತ್ತು. ವೀರಯ್ಯನವರು ಎಂದಿನಂತೆ ನನ್ನ ಮೇಜಿನ ಮೇಲೆ ವರದಿ ಇಟ್ಟು, "ನೋಡಮ್ಮ" ಎಂದು ಹೇಳಿ ಮನೆಗೆ ಹೋದರು. ಸೊಗಸಾದ ವರದಿ. ಎಂದೂ ಗೆಲ್ಲದ ಕೆರೆಕೋಡಿ ತಂಡ, ಕೊನೆಯ ರೈಡಿನಲ್ಲಿ ಕೋಟೆಬೀದಿಯವರನ್ನು ಸೋಲಿಸಿತ್ತು. ನಾನು ಒಂದಕ್ಷರ ಮುಟ್ಟದೆ ಅಚ್ಚಿಗೆ ಕಳಿಸಿದೆ.

ಸೋಮವಾರ ಬೆಳಿಗ್ಗೆ ಕೆರೆಕೋಡಿಯ ಜನ ಊದಿದ ಮುಖದಲ್ಲೇ ಮನೆಮನೆಗೆ ಮೈಸೂರುಪಾಕು ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಮೈದಾನದ ಕಾವಲುಗಾರ ಬೋರಯ್ಯ ಚಹಾದಂಗಡಿಯಲ್ಲಿ ಬಾಯಿ ಬಿಟ್ಟ. ಅವನು ಯಾವಾಗಲೂ ಗೇಟಿನ ಹೊರಗೇ ಕೂರುವವನಾದ್ದರಿಂದ ಅವನಿಗೆ ಯಾವುದೂ ಮರೆಯುವುದಿಲ್ಲ.

"ಯಾವ ಮ್ಯಾಚು ಸ್ವಾಮಿ? ನೀವೆಲ್ಲ ಒಳಗೆ ಹೋದ್ರಿ, ನಾನು ಚಹಾ ತರ್ಸಿದೆ. ಅರ್ಧ ಲೋಟ ಕುಡಿಯೋದ್ರೊಳಗೆ ಬಾಯ್ ಬಾಯ್ ಬಡ್ಕೊಂಡು ಹೊರಗೆ ಓಡ್ಬಂದ್ರಿ. ಅಷ್ಟರಲ್ಲಿ ಆಟ ಯಾವಾಗ ಆಡಿದ್ರು, ಯಾವಾಗ ಗೆದ್ರು?"

ಚಹಾ ಕುಡಿಯುತ್ತಿದ್ದವರು ಮುಖ ಮುಖ ನೋಡಿಕೊಂಡರು. ಎಷ್ಟು ಹೊತ್ತಿಗೆ ಮನೆಗೆ ಬಂದೆವೆಂಬುದು ಎಲ್ಲರಿಗೂ ನೆನಪಿತ್ತು. ಸ್ವಂತ ಗಡಿಯಾರಕ್ಕಿಂತ ವೀರಯ್ಯನವರ ವರದಿಯನ್ನು ನಂಬಿ ರೂಢಿಯಾಗಿದ್ದರಿಂದ ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ.

ಆಮೇಲೆ ನಮ್ಮ ಪತ್ರಿಕೆಗಳವರು ಮಾಡಿದ್ದನ್ನು ಹೇಳಬೇಕು. ಮುಂಗೋಳಿ ಮರುದಿನವೇ ಮುಖಪುಟದ ತುಂಬ 'ವೀರಯ್ಯನ ವಂಚನೆ' ಎಂದು ಹಾಕಿತು. ನಡೆಯದ ಪಂದ್ಯದ ಅದೇ ವರದಿ ಹಿಂದಿನ ದಿನ ಮುಂಗೋಳಿಯಲ್ಲೂ ಬಂದಿತ್ತಲ್ಲ, ಅದಕ್ಕೇನು ಹೇಳುತ್ತಾರೆ ಎಂದು ನಾನು ಹುಡುಕಿದೆ. ಒಳಪುಟದ ಮೂಲೆಯಲ್ಲಿ 'ಈ ವ್ಯಕ್ತಿ ನಮ್ಮನ್ನೂ ದಾರಿ ತಪ್ಪಿಸಿದ್ದಾನೆ' ಎಂದಿತ್ತು. ಶನಿವಾರದವರೆಗೂ 'ಕ್ರೀಡಾ ಭೀಷ್ಮ'ರಾಗಿದ್ದವರು ಮಂಗಳವಾರಕ್ಕೆ 'ಈ ವ್ಯಕ್ತಿ'ಯಾಗಿದ್ದರು. ತಕ್ಕಡಿಯವರು ಎರಡೂ ಕಡೆ ತೂಗಿ ನೋಡುವವರೆಂದು ಹೆಸರಾದವರು. ಎಡಗಡೆ ವೀರಯ್ಯ ಸುಳ್ಳುಗಾರ ಎನ್ನುವ ಲೇಖನ ಹಾಕಿದರು, ಬಲಗಡೆ ವೀರಯ್ಯ ಮೊದಲಿನಿಂದಲೂ ಸುಳ್ಳುಗಾರ ಎನ್ನುವ ಲೇಖನ. ಕೇಬಲ್ ಚಾನೆಲ್‌ನಲ್ಲಿ ಒಬ್ಬ ಜ್ಯೋತಿಷಿ, ಒಬ್ಬ ವಕೀಲ, ಒಬ್ಬ ಜೇನು ಸಾಕುವವನು ಕೂತು ರಾತ್ರಿಯಿಡೀ ಚರ್ಚೆ ಮಾಡಿದರು. ಜೇನು ಸಾಕುವವನಿಗೆ ಮಾತ್ರ ಮಾತಾಡಲು ಬಿಡಲಿಲ್ಲ. ಸುದ್ದಿಯ ಮೊದಲ ಪಾಠ ವೀರಯ್ಯನವರಿಂದ ಕಲಿತ ಹುಡುಗರೆಲ್ಲ, ನನಗೆ ಆಗಲೇ ಅನುಮಾನವಿತ್ತು ಎಂದು ಬರೆದುಕೊಂಡರು. ಅಷ್ಟು ಅನುಮಾನ ಇಟ್ಟುಕೊಂಡು ಇಷ್ಟು ವರ್ಷ ಹೇಗೆ ನಿದ್ದೆ ಮಾಡಿದರೋ ಪಾಪ.

ಎಲ್ಲಕ್ಕಿಂತ ಮುಂದೆ ಹೋದದ್ದು ನಮ್ಮ ಡಂಗುರವೇ. ಚಂದ್ರಮೌಳಿಯವರು ಗೋಡೆಯ ಮೇಲಿದ್ದ ವೀರಯ್ಯನವರ ಸನ್ಮಾನದ ಫೋಟೊ ಇಳಿಸಿ ಉಗ್ರಾಣಕ್ಕೆ ಹಾಕಿಸಿದರು. ಅವರ ಅಂಕಣದ ಜಾಗಕ್ಕೆ ಅಡುಗೆ ಅಂಕಣ ಬಂತು. ಅವರು ನಮ್ಮ ಸಿಬ್ಬಂದಿಯೇ ಅಲ್ಲ, ಹವ್ಯಾಸಿ ಬರಹಗಾರರು ಎಂದು ಪ್ರಕಟಣೆ ಕೊಟ್ಟರು. ತನಿಖೆ ಮುಗಿಯುವವರೆಗೆ ಪಂದ್ಯಗಳು ಬಂದ್, ಸಿದ್ದವೀರಯ್ಯ ಇನ್ನೆಂದೂ ಮೈದಾನಕ್ಕೆ ಕಾಲಿಡಬಾರದು ಎಂದು ಮೂರೂ ಪತ್ರಿಕೆಗಳು ಒಂದೇ ದಿನ ಬರೆದವು. ಕಬಡ್ಡಿ ಸಂಘದವರು ಹಾಗೇ ಮಾಡಿದರು.

ಒಂದು ದಿನ ನಮ್ಮ ಆಫೀಸಿಗೆ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಹಳೆಯ ಪೇಪರಿನ ತುಂಡು, ಪ್ಲಾಸ್ಟಿಕ್ ಹೊದಿಸಿದ್ದು. ತೀರಿಕೊಂಡ ಮಗ ಒಂದೇ ರೈಡಿನಲ್ಲಿ ನಾಲ್ವರನ್ನು ಮುಟ್ಟಿ ಬಂದ ಎಂದು ವೀರಯ್ಯನವರು ಬರೆದ ವರದಿ. "ಇದು ನಿಜಾನೋ ಸುಳ್ಳೋ, ಅಷ್ಟು ಹೇಳ್ಬಿಡಿ" ಎಂದರು. ಚಂದ್ರಮೌಳಿಯವರು ತನಿಖೆ ನಡೀತಾ ಇದೆ ಎಂದರು. ಆಕೆ ಆ ತುಂಡನ್ನು ಸೆರಗಿನಲ್ಲಿ ಒರೆಸಿಕೊಂಡು ಹೋದರು.

ಅದೇ ಸಂಜೆ ಸಂಪಾದಕರು ನನ್ನನ್ನು ಕರೆದು, "ಪ್ರಮೀಳಾ ಅವರೇ, ಭಾನುವಾರದ ಸಂಪಾದಕೀಯ ನೀವು ಬರೀರಿ. ಓದುಗರಿಗೆ ಕ್ಷಮೆ ಕೇಳೋಣ. ಅವರು ಬರೆದದ್ದೆಲ್ಲ ಇವತ್ತಿಂದ ರದ್ದು ಅಂತ ಒಂದು ಮಾತು ಇರ್ಲಿ" ಎಂದರು.

"ಅವರನ್ನ ಒಂದು ಮಾತು ಕೇಳಿದ್ವಾ ಸಾರ್?"

"ಕೇಳಿದ್ರೆ ಏನಂತಾರೆ? ನೆನಪಿಲ್ಲ ಅಂತಾರೆ. ಸಿಕ್ಕಿಬಿದ್ದೋರೆಲ್ಲ ಹೇಳೋದು ಅದನ್ನೇ."

"ನಿಮಗೆ ನೆನಪಿದೆಯಾ ಸಾರ್? ನೀವೂ ಅಲ್ಲೇ ಇದ್ರಲ್ಲ."

ಅವರು ಮೂಗು ಸವರಿಕೊಂಡರು. ಕುಟುಕಿದ ಕಲೆ ಇನ್ನೂ ಮಾಸಿರಲಿಲ್ಲ. "ನನ್ನ ವಿಷಯ ಬೇರೆ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ, ಸಿಟ್ಟೂ ನಿಜವಾದದ್ದೇ. ನನಗೆ ಅದೇ ಹೆಚ್ಚು ರೇಗಿದ್ದು.

ಇವತ್ತು ಬೆಳಿಗ್ಗೆ ನಾನು ವೀರಯ್ಯನವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಮೂರೂ ಪೇಪರುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಅವರ ಹೆಂಡತಿ ಗಿರಿಜಮ್ಮ ಮಜ್ಜಿಗೆ ತಂದುಕೊಟ್ಟು, "ನೀನಾದ್ರೂ ಹೇಳಮ್ಮ, ಆ ಪೇಪರ್ ಓದ್ಬೇಡಿ ಅಂತ" ಎಂದು ಒಳಗೆ ಹೋದರು.

"ಓದ್ದೆ ಇರೋಕಾಗಲ್ಲ. ನನ್ನ ವಿಷಯ ನಂಗೆ ಗೊತ್ತಾಗೋದು ಇವರಿಂದ್ಲೇ ತಾನೆ" ಎಂದು ವೀರಯ್ಯನವರು ನಕ್ಕರು. ಆಮೇಲೆ ಪೇಪರು ಮಡಿಸಿ ಪಕ್ಕಕ್ಕಿಟ್ಟರು. "ಬರೆದದ್ದು ನನ್ನ ಕೈಯೇ ಪ್ರಮೀಳಮ್ಮ, ಅದರಲ್ಲಿ ಅನುಮಾನ ಇಲ್ಲ. ಯಾಕೆ ಬರೆದೆ ಅನ್ನೋದು ಗೊತ್ತಿಲ್ಲ. ಇದೊಂದು ಸುಳ್ಳು ಬರೆದೋನು ಹಿಂದಿನದೆಲ್ಲ ನಿಜವೇ ಬರೆದಿದ್ದಾನೆ ಅಂತ ಹೇಗೆ ನಂಬೋದು ಅಂತ ಮುಂಗೋಳಿಯೋರು ಕೇಳಿದ್ದಾರೆ. ಸರಿಯಾಗೇ ಕೇಳಿದ್ದಾರೆ. ನಾನೂ ಅದನ್ನೇ ಕೇಳ್ಕೋತಾ ಇದೀನಿ. ಆಯುಷ್ಯ ಪೂರ್ತಿ ಸುಳ್ಳು ಬರೆದ್ನೋ ಏನೋ. ಸಾಯೋದ್ರೊಳಗೆ ಅದೊಂದು ಗೊತ್ತಾಗ್ಬೇಕು ನಂಗೆ."

ಮಗನ ವರದಿ ಹಿಡಿದು ಆಫೀಸಿಗೆ ಬಂದಿದ್ದ ತಾಯಿಯ ವಿಷಯ ನಾನು ಅವರಿಗೆ ಹೇಳಿದೆ.

ಗೇಟಿನೊಳಗೆ ಮತ್ತೆ ಕಾಲಿಟ್ಟರೆ ಹಿಂದೆ ಅಲ್ಲಿ ಕಂಡದ್ದೆಲ್ಲ ನೆನಪಾಗುತ್ತದಂತೆ. ವೀರಯ್ಯನವರೇ ಎಂದೋ ಒಳಗೆ ಕೂತು ಹಾಗೆ ಬರೆದಿದ್ದರು, ಅದರಿಂದಲೇ ಊರಿಗೆ ಗೊತ್ತು. "ಒಂದ್ಸಲ ಒಳಗೆ ಹೋಗ್ಬೇಕಮ್ಮ. ಒಳಗೆ ನಂಗೆ ಗೊತ್ತಿರತ್ತೆ" ಎಂದರು.

"ಹೊರಗೆ ಬಂದ್ರೆ ಮತ್ತೆ ಮರ್ತುಹೋಗತ್ತಲ್ಲ ಸಾರ್?"

"ಅದಕ್ಕೇ ಬರ್ಕೊಳ್ಳೋಕೆ ಒಬ್ರು ಬೇಕು. ನಾನೇ ಬರ್ಕೊಂಡು ಬಂದ್ರೆ ನಾನೇ ನಂಬಲ್ಲ ಈಗ."

ಮಧ್ಯಾಹ್ನ ಗೇಟಿನ ಹತ್ತಿರ ಹೋದಾಗ ಬೋರಯ್ಯ ಒಬ್ಬನೇ ಇದ್ದ. ವೀರಯ್ಯನವರನ್ನು ಕಂಡು ಎದ್ದು ನಿಂತ. ಇವರನ್ನು ಬಿಡಬಾರದೆಂದು ಅಪ್ಪಣೆಯಾಗಿದೆ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು. "ನಾನು ಬಾಯಿ ಮುಚ್ಕೊಂಡಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಬುದ್ಧಿ" ಎಂದ.

"ನೀನು ಕಂಡದ್ದು ಹೇಳ್ದೆ. ಅದರಲ್ಲೇನಿದೆ ತಪ್ಪು?" ಎಂದರು ವೀರಯ್ಯನವರು.

ಬೋರಯ್ಯ ಬೀಗ ತೆಗೆದು, ನಮ್ಮ ಕಡೆ ನೋಡದೆ ಬೀಡಿ ಹಚ್ಚಿಕೊಂಡು ಆಚೆ ತಿರುಗಿ ಕೂತ.

ಈಗ ನಾನು ಮೈದಾನದೊಳಗೆ, ವರದಿಗಾರರ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಬರೆಯುತ್ತಿದ್ದೇನೆ. ಮೊದಲಿನ ಸಾಲಿನಿಂದ ಇಲ್ಲಿವರೆಗೂ ಇಲ್ಲೇ ಕೂತು ಬರೆದದ್ದು. ಭಾನುವಾರ ನನಗೆ ಆಫೀಸಿನಲ್ಲೇ ಕೆಲಸವಾದ್ದರಿಂದ ದೊಡ್ಡವಳಾದ ಮೇಲೆ ಒಮ್ಮೆಯೂ ಒಳಗೆ ಬಂದಿರಲಿಲ್ಲ. ಗೇಟು ದಾಟಿದ ಕೂಡಲೇ ನನಗೆ ನೆನಪಾದದ್ದು ಅಪ್ಪ. ಆ ಮೂಲೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಮನೆಯಲ್ಲಿ ನಾಲ್ಕು ಮಾತೂ ಆಡದ ಮನುಷ್ಯ, ನರ ಉಬ್ಬುವಂತೆ ಕೂಗುತ್ತಿದ್ದರು. ಅವರು ಕೂಗಿದಾಗ ಅವರ ಕತ್ತು ನನ್ನ ಕಾಲುಗಳ ನಡುವೆ ಬಿಸಿಯಾಗಿ ಅದುರುತ್ತಿತ್ತು. ಇಷ್ಟು ವರ್ಷ ಇದು ನನ್ನ ಹತ್ತಿರ ಇರಲೇ ಇಲ್ಲ. ನಿಂತಲ್ಲೇ ಅತ್ತೆ. ವೀರಯ್ಯನವರು ಏನೂ ಕೇಳದೆ ಮುಂದೆ ಹೋಗಿ ಕಬಡ್ಡಿ ಅಂಕಣದ ಮಧ್ಯದ ಗೆರೆಯ ಮೇಲೆ ನಿಂತರು.

ತುಂಬಾ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಬಂದು ಪಕ್ಕದಲ್ಲಿ ಕೂತು, "ನಿಜ ತಾಯಿ" ಎಂದರು. "ಎಲ್ಲ ನಿಜ. ಒಂದೊಂದು ಪಂದ್ಯನೂ ಕಣ್ಮುಂದೆ ಬರ್ತಾ ಇದೆ. ಆ ಹುಡುಗ ನಾಲ್ಕು ಜನರನ್ನ ಮುಟ್ಟಿ ಬಂದದ್ದೂ ನಿಜ. ಅವರಮ್ಮ ಅಗೋ ಅಲ್ಲಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡಿದ್ದು. ಹೆಜ್ಜೇನಿನ ದಿನದ್ದೊಂದೇ ಸುಳ್ಳು."

ನಾನು ಪೆನ್ನು ಹಿಡಿದುಕೊಂಡು, ಆ ದಿನ ಏನಾಯಿತು ಎಂದು ಕೇಳಿದೆ.

ಅವರು ಹೇಳಿದ್ದು ಇಷ್ಟು. ಜೇನು ಎದ್ದಾಗ ಮೂವರು ವರದಿಗಾರರೂ ಚಂದ್ರಮೌಳಿಯವರೂ ಈ ಬೆಂಚಿನ ಕೆಳಗೆ ನುಗ್ಗಿ ಟಾರ್ಪಾಲು ಎಳೆದುಕೊಂಡರು. ಹುಳಗಳು ಸುಮ್ಮನಾಗುವವರೆಗೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಅಲ್ಲೇ ಇದ್ದರು. ಜೇನು ಎದ್ದಿದ್ದರಿಂದ ಆಟ ನಡೆಯಲಿಲ್ಲ ಎಂದು ಎರಡು ಸಾಲು ಬರೆದುಕೊಡುತ್ತೇನೆ ಎಂದು ವೀರಯ್ಯನವರು ಹೇಳಿದರು. ಎರಡು ಸಾಲಿಗೆ ಪುಟ ತುಂಬುತ್ತದೇನ್ರೀ ಎಂದು ಚಂದ್ರಮೌಳಿ ಕತ್ತಲಲ್ಲೇ ಗದರಿದರು. ಸೋಮವಾರ ಬೆಳಿಗ್ಗೆ ಜನ ಏನು ಓದಬೇಕು, ಏನಾದರೂ ಆಡಿಸಿ, ಹೊರಗೆ ಹೋದರೆ ಯಾರಿಗೆ ನೆನಪಿರುತ್ತದೆ ಎಂದರು. ಮುಂಗೋಳಿಯವನೂ ತಕ್ಕಡಿಯವನೂ, ಬೇಗ ಬರೀರಿ ಸಾರ್, ನಾವೂ ಬರ್ಕೋಬೇಕು ಎಂದು ಅವಸರ ಮಾಡಿದರು. ಅವರು ಯಾವಾಗಲೂ ಹಾಗೆಯೇ ಇವರ ಹಾಳೆ ನೋಡಿ ಬರೆದುಕೊಳ್ಳುವವರಂತೆ. ಹೊರಗೆ ಹೋದ ಮೇಲೆ ತಾವೇ ಬರೆದದ್ದೆಂದು ತಿಳಿಯುತ್ತಾರೆ, ತಪ್ಪು ಅವರದ್ದಲ್ಲ ಎಂದು ವೀರಯ್ಯನವರು ಸೇರಿಸಿದರು.

ನನಗೆ ಖುಷಿಯಿಂದ ಕೈ ಓಡುತ್ತಿತ್ತು. ಚಂದ್ರಮೌಳಿಯವರ ಹೆಸರು ಬರೆಯುವಾಗ ಪೆನ್ನು ಸ್ವಲ್ಪ ಒತ್ತಿಯೇ ಬರೆದೆ. ಇಷ್ಟು ಸಾಕು, ಏಳಿ ಸಾರ್, ಹೋಗೋಣ ಎಂದೆ.

"ಇನ್ನೂ ಇದೆ. ಬರ್ಕೋ" ಎಂದರು. "ಚಂದ್ರಮೌಳಿ ಹೇಳಿದ್ದು ನಿಜ. ಆದ್ರೆ ಬರೆದೋನು ನಾನು. ಬರೆಯಲ್ಲ ಅಂದಿದ್ರೆ ಅವನೇನು ನನ್ನ ಕೈ ತಿರುಚ್ತಿರ್ಲಿಲ್ಲ. ಬೇಜಾರಿಂದ್ಲೇ ಶುರು ಮಾಡ್ದೆ. ಬರೀತಾ ಬರೀತಾ ಖುಷಿಯಾಗ್ಬಿಡ್ತು ನಂಗೆ. ಕೆರೆಕೋಡಿ ಹುಡುಗರು ಒಂದ್ಸಲ ಗೆಲ್ಲಲಿ ಅಂತ ಮೊದಲಿಂದ್ಲೂ ಆಸೆ ಇತ್ತು. ಆಯುಷ್ಯ ಪೂರ್ತಿ ಅದನ್ನ ಒಂದಕ್ಷರದಲ್ಲೂ ತೋರ್ಸಿರ್ಲಿಲ್ಲ. ಅವತ್ತು ಆ ಟಾರ್ಪಾಲ್ ಕೆಳಗೆ ಅವರನ್ನ ಗೆಲ್ಲಿಸ್ದೆ. ಅಷ್ಟು ಖುಷಿ ಯಾವ ನಿಜ ಬರೆಯುವಾಗ್ಲೂ ಆಗಿರ್ಲಿಲ್ಲ."

ನಾನು ಬರೆಯಲಿಲ್ಲ. "ಇದು ಬೇಡ ಸಾರ್" ಎಂದೆ.

"ಯಾಕೆ?"

"ಮುಂಗೋಳಿಯೋರು ಬೇರೆಲ್ಲ ಬಿಟ್ಟು ಇದೊಂದನ್ನೇ ಎತ್ಕೋತಾರೆ. ಸುಳ್ಳು ಬರೆಯುವಾಗ ಖುಷಿಯಾಯ್ತು ಎಂದ ವೀರಯ್ಯ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಹಾಕ್ತಾರೆ. ಚಂದ್ರಮೌಳಿ ಸಾರ್ ಬಚಾವಾಗ್ತಾರೆ. ನೀವು ಮುಳುಗ್ತೀರಿ."

"ಹಾಕ್ಲಿ. ಆದದ್ದು ಅದೇ ತಾನೆ?"

"ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ."

"ನನ್ನ ಒಳ್ಳೇದಕ್ಕೆ ಇಲ್ಲಿ ಬಂದಿದ್ದಲ್ಲ ಪ್ರಮೀಳಮ್ಮ. ಗೊತ್ತು ಮಾಡ್ಕೊಳ್ಳೋಕೆ ಬಂದದ್ದು. ಹೊರಗೆ ಹೋದ್ಮೇಲೆ ನಂಗೆ ಗೊತ್ತಿರೋದು ನೀನು ಬರೆದಷ್ಟೇ. ಇದನ್ನ ಬಿಟ್ರೆ ನಾನು ಮನೇಲಿ ಕೂತು ಚಂದ್ರಮೌಳೀನ ಬೈಕೊಂಡು, ನನ್ನದೇನೂ ತಪ್ಪಿಲ್ಲ ಅಂತ ಅಂದ್ಕೊಂಡು ಸಾಯ್ತೀನಿ. ಹಾಗೆ ಮಾಡ್ಬೇಡ."

ಅವರ ಧ್ವನಿ ಏರಲಿಲ್ಲ. ತಪ್ಪಿದ ಅಂಕವೊಂದನ್ನು ಸರಿಪಡಿಸುವ ಹಾಗೆ ಹೇಳಿದರು. ಇಷ್ಟು ವರ್ಷ ಅವರ ಬರಹವನ್ನು ಯಾಕೆ ನಂಬಿದ್ದೆ ಎಂದು ನನಗೆ ಈಗ ಗೊತ್ತಾಯಿತು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಮೇಲೆ ಬರೆದಿದ್ದೇನೆ.

ಬಿಸಿಲು ಇಳಿಯುತ್ತಿದೆ. ವೀರಯ್ಯನವರು ಅಂಕಣದ ಗೆರೆಯ ಸುತ್ತ ನಿಧಾನವಾಗಿ ನಡೆಯುತ್ತಿದ್ದಾರೆ. ಅಲ್ಲಲ್ಲಿ ನಿಂತು ಏನನ್ನೋ ನೋಡಿ ತಲೆದೂಗುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ನಾವಿಬ್ಬರೂ ಎದ್ದು ಗೇಟು ದಾಟುತ್ತೇವೆ. ಅವರು ಮತ್ತೆ ಏನೂ ಗೊತ್ತಿಲ್ಲದ ಮುದುಕರಾಗುತ್ತಾರೆ, ನನ್ನ ಅಪ್ಪ ಮತ್ತೆ ಕೂಗುವುದನ್ನು ನಿಲ್ಲಿಸುತ್ತಾರೆ. ಒಳಗೆ ಕೂತು ಬರೆದದ್ದನ್ನು ಇನ್ನು ಮೇಲೆ ನಂಬಬಾರದು ಎಂದು ಊರಿಗೆ ಊರೇ ಹೇಳುತ್ತಿರುವಾಗ ನಾನು ಇಷ್ಟು ಹಾಳೆ ಹಿಡಿದುಕೊಂಡು ಹೊರಗೆ ನಿಂತಿರುತ್ತೇನೆ. ಇದನ್ನು ಓದುವವರಲ್ಲಿ ಮೊದಲನೆಯವಳು ನಾನೇ. ನನ್ನನ್ನು ನಾನು ಬಲ್ಲೆ. ಮುದುಕ ಕಣ್ಣೀರು ಹಾಕಿ ಬರೆಸಿರಬೇಕು, ಒಳಗೆ ಕೂತವಳು ಕರಗಿ ಬರೆದಿರಬೇಕು ಎಂದು ಮೊದಲು ಅನುಮಾನ ಪಡುತ್ತೇನೆ. ಆಮೇಲೆ ಕತ್ತರಿ ಹಾಕಲು ಕೂರುತ್ತೇನೆ.

ಅದಕ್ಕೇ ನಿನಗೆ ಹೇಳುತ್ತಿದ್ದೇನೆ ಪ್ರಮೀಳಾ. ಅಪ್ಪನ ವಿಷಯ ವರದಿಗೆ ಬೇಡವೆನಿಸಿದರೆ ಹೊಡೆದುಹಾಕು. ಮೂಗಿನ ಮಾತು ಚುಚ್ಚುವಂತಿದ್ದರೆ ಅದನ್ನೂ ಹೊಡೆ. ವೀರಯ್ಯನವರು ಖುಷಿಯಾಯಿತು ಎಂದದ್ದನ್ನು ಮಾತ್ರ ಮುಟ್ಟಬೇಡ. ಅವರನ್ನು ಉಳಿಸಲು ನಾನು ಕತೆ ಕಟ್ಟಿದ್ದರೆ ಆ ಮಾತು ಇಲ್ಲಿ ಇರುತ್ತಿರಲಿಲ್ಲ.